ಸತುವಿನ ಬಕೆಟ್ಟಿಗೆ ಬಿದ್ದ ನಳಿಗೆ

ಪಿರಿಯಾಪೊಲಿಸ್, ಉರುಗ್ವೆ
೧೭ ಆಗಸ್ಟ್ ೧೯೯೬

ಪ್ರೀತಿಯ ತಮ್ಮ ಒರೆಸ್ತೆಸ್‌ಗೆ,

ಹೇಗಿದ್ದೀಯೋ? ಆ ದಕ್ಷಿಣದ ಕಡಲಿನ ಚಳಿಗೆ ನಿನ್ನ ಸೊಂಟನೋವು ಮತ್ತೆ ಕೆರಳಿಲ್ಲ ತಾನೆ? ನಾನು ಹೆಣೆದುಕೊಟ್ಟ ಸ್ವೆಟರನ್ನು ಪೆಟ್ಟಿಗೆಯಲ್ಲಿ ಮಡಿಸಿಡಬೇಡ, ಹಾಕಿಕೋ. ಮೀನು ಹಿಡಿಯುವ ಹಡಗಿನಲ್ಲಿ ನಿನ್ನ ಚೆಂದ ನೋಡುವವರು ಯಾರೂ ಇಲ್ಲ.

ಅಪ್ಪನ ಹಳೇ ಕಾರನ್ನು ಗುಜರಿ ಬೌತಿಸ್ತಾನಿಗೆ ಕೊಟ್ಟುಬಿಡು ಎಂದು ಬರೆದಿದ್ದೀಯ. ರಿಪೇರಿ ಮಾಡುತ್ತೇನೆಂದು ಬಿಚ್ಚಿ ಅಂಗಳದ ತುಂಬ ಹರಡಿ ಹಡಗು ಹತ್ತಿದವನು ನೀನು. ಎಡವಿ ಬೀಳುತ್ತಿರುವವಳು ನಾನು! ಬೋಲ್ಟುಗಳೆಲ್ಲ ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದವು, ಕೊಟ್ಟುಬಿಡೋಣ ಎಂದೇ ನಾನೂ ಅಂದುಕೊಂಡೆ. ಆದರೆ ಅಮ್ಮ ಹೋದ ಮೇಲೆ ಅಪ್ಪ ಕಿಟಕಿ ಬಿಟ್ಟು ಏಳುತ್ತಲೇ ಇರಲಿಲ್ಲ, ನಿನಗೆ ಗೊತ್ತು. ಮಾರುವ ಸುದ್ದಿ ಹೇಳಿದಾಗಲೂ ಬರೀ "ಹೂಂ" ಅಂದ. ಆ ಒಣ "ಹೂಂ" ಕೇಳಿದ ಮೇಲೆ ಮಾರುವ ಮನಸ್ಸಾಗಲಿಲ್ಲ, ನಾನೇ ರಿಪೇರಿಗೆ ಕೂತೆ.

ಬಂದರಿನವರು ಹಡಗಿನ ತಳದಿಂದ ಬಿಚ್ಚಿ ಎಸೆದ ಸವೆದ ಸತುವಿನ ತುಂಡುಗಳನ್ನು ಕೇಳಿ ತಂದೆ. ಸತುವಿನ ಲೇಪ ಹಿಡಿಸಿದರೆ ಮತ್ತೆ ತುಕ್ಕು ಹತ್ತದೆಂದು, ತುಕ್ಕು ಉಜ್ಜಿದ ಬೋಲ್ಟುಗಳನ್ನು ತಾಮ್ರದ ತಂತಿಗೆ ಪೋಣಿಸಿ, ವಿನೆಗರ್ ಬಕೆಟ್ಟಿನಲ್ಲಿ ಸತುವಿನ ಎದುರು ಇಳಿಬಿಟ್ಟು, ಬ್ಯಾಟರಿಯಿಂದ ಕರೆಂಟು ಕೊಟ್ಟೆ. ಮೊದಲ ಸಲ ಬೋಲ್ಟಿಗೆ ಹತ್ತಿದ್ದು ಬರೀ ಕರಿ ಮಸಿ. ಕಿಟಕಿಯಿಂದ ಅಪ್ಪನ ಕೂಗು ಬಂತು: "ಲೇ ಇರ್ಮಾ, ಕರೆಂಟು ಜಾಸ್ತಿ ಆಯ್ತು ಕಣೇ! ನೀರು ಕಲಕ್ತಾ ಇರಬೇಕು, ಕತ್ತೆ!" ಎಷ್ಟು ದಿನಕ್ಕೆ ಬೈಸಿಕೊಂಡೆನೋ, ಸಂತೋಷಕ್ಕೆ ಕಣ್ಣು ತುಂಬಿತು.

ಆಮೇಲೆ ಏನಾಯಿತು ಕೇಳು. ಮಾಟೆ ಎಲೆಯ ಕಷಾಯ ಕುಡಿಯುವಾಗ ಯಾರಾದರೂ ಅದನ್ನು ಹೀರುವ ಲೋಹದ ನಳಿಗೆ ಅಲುಗಾಡಿಸಿದರೆ ಮನೆ ಹಾರಿಹೋಗುವಂತೆ ಕೂಗಾಡುವ ಅಪ್ಪ, ತನ್ನ ಮಾಟೆಯ ಸೋರೆಬುರುಡೆಯಿಂದ ನಳಿಗೆ ಕಿತ್ತು ಬಕೆಟ್ಟು ಕಲಕಿದ! ಕಲಕಿ, ಬಕೆಟ್ಟಿನಲ್ಲೇ ತಾಮ್ರದ ತಂತಿಗೆ ಒರಗಿಸಿ ಊಟಕ್ಕೆ ಬಂದ. ತಿರುಗಿ ಹೋದರೆ ಬೋಲ್ಟುಗಳ ಜೊತೆ ನಳಿಗೆಗೂ ಬೂದು ಬಣ್ಣದ ಸತುವಿನ ಲೇಪ. "ಸರಿಹೋಯ್ತು, ನನ್ನನ್ನೂ ಒಂದು ಸಲ ಮುಳುಗಿಸಿಬಿಡು, ತುಕ್ಕಾದರೂ ಹೋಗಲಿ" ಅಂದ. ಇನ್ನು ಅದರಲ್ಲಿ ಕುಡಿಯುವಂತಿಲ್ಲ, ಹೊಸದು ತಂದುಕೊಟ್ಟೆ. ಹಳೆಯದು ಕಾರಿನ ಕನ್ನಡಿಗೆ ನೇತಾಡುತ್ತಿದೆ.

ಈಗ ದಿನಾ ನನಗಿಂತ ಮೊದಲೇ ಎದ್ದು ಅಂಗಳಕ್ಕಿಳಿಯುತ್ತಾನೆ. ಬ್ರೇಕು, ಸ್ಟೀರಿಂಗಿನ ಬೋಲ್ಟುಗಳನ್ನು ಮಾತ್ರ ಬಕೆಟ್ಟಿನ ಹತ್ತಿರ ಬಿಡುವುದಿಲ್ಲ, ಲೇಪ ಹಾಕಿದರೆ ಪಟಕ್ಕನೆ ಮುರಿದಾವು ಎಂಬ ಭಯ. ಅವಕ್ಕೆ ಹೊಸದೇ ಬೇಕೆಂದು ಹಟ ಹಿಡಿದು ತರಿಸಿದ. ನನ್ನ ಕೈಗೆ ಸದಾ ವಿನೆಗರ್ ವಾಸನೆ, ಆದರೂ ಮನಸ್ಸು ಹಗುರವಾಗಿದೆ.

ಅಪ್ಪನ ಆಶೀರ್ವಾದ, ನನ್ನ ಮುತ್ತು. ಹೊಟ್ಟೆ ತುಂಬ ಉಣ್ಣು.

ನಿನ್ನ ಅಕ್ಕ,
ಇರ್ಮಾ

ಮರೆತಿದ್ದೆ: ನಿನ್ನೆ ಬೌತಿಸ್ತಾ ಲಾರಿ ತಂದಿದ್ದ. ಅಪ್ಪ ಬಾನೆಟ್ಟಿನಿಂದ ತಲೆಯನ್ನೇ ಎತ್ತಲಿಲ್ಲ. "ನನ್ನ ಮಗ ಬರಲಿ ಕಣಯ್ಯಾ, ಎದುರಿಗೆ ನಿಂತು ಮಾರ್ತೀನಿ ಅನ್ನಲಿ, ಆಮೇಲೆ ನೋಡೋಣ" ಎಂದು ಸಾಗಹಾಕಿದ. ಬೇಗ ಬಾರೋ. ಎಲ್ಲ ಕೂಡಿಸಿಯಾಗಿದೆ, ಡ್ರೈವರ್ ಸೀಟಿನ ಒಂದು ಬೋಲ್ಟು ಬಿಟ್ಟು. ಅದನ್ನು ಅಪ್ಪ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾನೆ, ನನಗೆ ಮುಟ್ಟಗೊಡುವುದಿಲ್ಲ. ಅದನ್ನು ನೀನೇ ಬಿಗಿಮಾಡಬೇಕಂತೆ.