ಟ್ಯಾಂಕಿಗೆ ಜೀವ ಬಂದ ಬೆಳಗು

ಪ್ರೀತಿಯ ಅತ್ತೆಯವರಿಗೆ,

ಭಾವನ ಮನೆಯಲ್ಲಿ ಆರಾಮವಾಗಿದ್ದೀರಾ? ಫೋನಿನಲ್ಲಿ ಕೇಳಿದರೆ ನೀವು ‘ಪರವಾಗಿಲ್ಲ’ ಎಂದು ಮುಗಿಸುತ್ತೀರಿ, ನಾನು ‘ಚೆನ್ನಾಗಿದೀನಿ’ ಎಂದು ಮುಗಿಸುತ್ತೇನೆ. ಅದಕ್ಕೇ ಈ ಕಾಗದ.

ಹೊರಡುವ ದಿನ ಬಸ್ಸು ಹತ್ತುತ್ತಾ, “ಅಷ್ಟೊಂದು ಓದಿ ಊರಿನ ಗಲೀಜು ಕಾಯ್ತಾ ಕೂತಿದೀಯಲ್ಲಮ್ಮ, ನಂಗೆ ಹೊಟ್ಟೆ ಉರಿಯುತ್ತೆ” ಎಂದಿರಿ. ಅದು ನಿಮ್ಮ ಸಂಕಟವೆಂದು ಗೊತ್ತಿತ್ತು. ನಕ್ಕು ನಿಮ್ಮ ಚೀಲ ಎತ್ತಿಕೊಟ್ಟೆ.

ನೀವು ಹೋದ ಮೂರನೆಯ ದಿನ ಬೆಳಿಗ್ಗೆ ಕೊಳಚೆ ನೀರಿನ ಘಟಕಕ್ಕೆ ಹೋದರೆ ದೊಡ್ಡ ಟ್ಯಾಂಕು ಬೂದಿ ಬಣ್ಣಕ್ಕೆ ತಿರುಗಿತ್ತು. ದಿನಾ ಅದು ಕಾಫಿ ಬಣ್ಣದಲ್ಲಿ ಗುಳುಗುಳು ಎನ್ನುತ್ತಿರುತ್ತದೆ, ಒದ್ದೆ ಮಣ್ಣಿನ ವಾಸನೆ ಬರುತ್ತದೆ. ಅವತ್ತು ಮೂಗು ಸುಡುವ ಹುಳಿ ವಾಸನೆ. ಯಾರೋ ಮ್ಯಾನ್‌ಹೋಲಿಗೆ ಆಸಿಡ್ ಸುರಿದಿದ್ದರು. ಯಾರೆಂದು ಇನ್ನೂ ಪತ್ತೆಯಿಲ್ಲ. ಆ ಟ್ಯಾಂಕಿನ ತುಂಬ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ ಅತ್ತೆ. ನಾವು ಗಾಳಿ ಊದುತ್ತೇವೆ, ಅವು ಕೊಳೆಯನ್ನು ತಿಂದು ನೀರನ್ನು ತಿಳಿಮಾಡಿಕೊಡುತ್ತವೆ. ಒಂದು ಹನಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಒಂದೂ ಅಲುಗಲಿಲ್ಲ.

ಸ್ನಾನ ಮಾಡಬೇಡಿ ಎಂದು ಊರಿಗೆ ಹೇಳಲಾಗುತ್ತದೆಯೇ? ಬರುವ ನೀರನ್ನೆಲ್ಲ ಹಿಂದಿನ ಹಳೆಯ ಹೊಂಡಕ್ಕೆ ತಿರುಗಿಸಿದೆವು. ಅದರಲ್ಲಿ ಹಿಡಿಯುವುದು ಹತ್ತು ದಿನದ ನೀರು. ತುಂಬಿ ಹರಿದರೆ ಹಳ್ಳಕ್ಕೆ, ಹಳ್ಳದಿಂದ ಕೆಳಗಿನ ಊರಿನ ಬಾವಿಗಳಿಗೆ.

ಪಕ್ಕದೂರಿನ ಘಟಕದಿಂದ ಟ್ಯಾಂಕರಿನಲ್ಲಿ ಜೀವಿಗಳಿರುವ ಕೆಸರು ತರಿಸಿ ಸುರಿದೆವು. ಮರುದಿನ ನೋಡಿದರೆ ಅವೂ ಸತ್ತಿದ್ದವು. ಗಾಳಿಯಂತ್ರ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಗಾಳಿಯಣ್ಣ ಎಂದೇ ಕರೆಯುತ್ತೇವೆ. ಅವರು ಮೆಲ್ಲಗೆ, “ಅವಸರ ಪಟ್ವಿ ಮೇಡಂ. ವಿಷ ಇಳಿಯೋಕೆ ಮುಂಚೆನೇ ನೆಂಟರನ್ನ ಕರೆದ್ವಿ” ಎಂದರು.

ಹುಳಿ ಇಳಿಯಲೆಂದು ಐದು ದಿನ ಸುಣ್ಣ ಕಲಸಿ ಕಲಸಿ ಹಾಕಿದೆವು. ಗಾಳಿಯಣ್ಣನ ಅಂಗೈಯಲ್ಲಿ ಬೊಬ್ಬೆಗಳೆದ್ದವು. ನಿಮ್ಮ ಮಗ ಮಧ್ಯಾಹ್ನ ಡಬ್ಬಿ ತಂದು, “ಅಮ್ಮ ಫೋನ್ ಮಾಡಿದ್ಲು, ನೀನು ತಿಂದ್ಯಾ ಅಂತ ಕೇಳಿದ್ಲು” ಎನ್ನುತ್ತಿದ್ದರು. ನಿಜ ಹೇಳುತ್ತೇನೆ, ತಿಂದಿರಲಿಲ್ಲ. ಹುಳಿ ಪೂರ್ತಿ ಇಳಿದ ಮೇಲೆ ಎರಡನೆಯ ಸಲ ಕೆಸರು ತಂದೆವು. ಹೊಂಡದ ನೀರು ಆಗ ದಂಡೆಗಿಂತ ಒಂದೇ ಗೇಣು ಕೆಳಗಿತ್ತು. ಇನ್ನೊಮ್ಮೆ ತಪ್ಪಿದರೆ ಮುಗಿಯಿತು.

ಎರಡು ದಿನ ಬಿಟ್ಟು, ಬೆಳಿಗ್ಗೆ, ಭಯದಲ್ಲೇ ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಎಳೆಯಂಥ ದಂಟಿನ ಮೇಲೆ ಪುಟ್ಟ ಗಂಟೆಯಂತೆ ಒಂದು ಜೀವ! ಬಾಯಿ ತೆರೆದು, ಅಂಚಿನ ರೋಮಗಳನ್ನು ಸುಳಿಸುಳಿಯಾಗಿ ಆಡಿಸುತ್ತಾ ತಿನ್ನುತ್ತಿತ್ತು. ಮೇಜು ತಟ್ಟಿದೆ. ಸರಕ್ಕನೆ ಸುರುಳಿಯಾಗಿ ಮುದುಡಿ, ಮತ್ತೆ ನಿಧಾನವಾಗಿ ಅರಳಿತು. ಪಕ್ಕದಲ್ಲಿ ಇನ್ನೊಂದು. ಅದರ ಹಿಂದೆ ಒಂದು ಹಿಂಡು. ಎಣಿಕೆ ತಪ್ಪಿತು, ಮೈ ಜುಮ್ಮೆಂದಿತು. ಇವಕ್ಕೆ ಮೇಸ್ತ್ರಿಯಿಲ್ಲ, ಸಂಬಳವಿಲ್ಲ, ಭಾನುವಾರವೂ ಇಲ್ಲ. ಇಡೀ ಊರು ಮೂಗು ಮುಚ್ಚಿಕೊಂಡು ಮರೆತದ್ದನ್ನು ಒಂದು ಹನಿಯೊಳಗೆ ಕೂತು ಸರಿಮಾಡುತ್ತವೆ. ಇಂಥವರ ಪಕ್ಕದಲ್ಲಿ ನನಗೊಂದು ಕುರ್ಚಿ ಸಿಕ್ಕಿದೆ ಅತ್ತೆ. ಇದಕ್ಕಿಂತ ದೊಡ್ಡ ಕೆಲಸ ನನಗೆ ಗೊತ್ತಿಲ್ಲ.

ನಿನ್ನೆಯಿಂದ ಹಳ್ಳಕ್ಕೆ ಮತ್ತೆ ತಿಳಿನೀರು ಬಿಡುತ್ತಿದ್ದೇವೆ. ಕೆಳಗಿನ ಊರಿನ ಬಾವಿಗಳಿಗೆ ಏನೂ ಆಗಲಿಲ್ಲ. ಅವರಿಗೆ ವಿಷಯವೂ ಗೊತ್ತಿಲ್ಲ.

ಜೀವ ಕಂಡ ಆ ಬೆಳಿಗ್ಗೆ ಗಾಳಿಯಣ್ಣನನ್ನು ಕೂಗಿ ಕರೆದೆ. ಕೆಸರಿನ ಬೂಟೆಂದು ಅವರು ಯಾವತ್ತೂ ನನ್ನ ಕೋಣೆಯ ಹೊಸ್ತಿಲು ದಾಟಿದವರಲ್ಲ. ಬೂಟು ಕಳಚಿಟ್ಟು ಬಂದು ಮೈಕ್ರೋಸ್ಕೋಪಿನ ಮೇಲೆ ಬಗ್ಗಿದರು. ಬಹಳ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ಕಣ್ಣು ಒದ್ದೆಯಾಗಿತ್ತು.

“ಇಪ್ಪತ್ತಾರು ವರ್ಷ ಇವ್ರಿಗೆ ಗಾಳಿ ಹಾಕಿದೀನಿ ಮೇಡಂ. ಮುಖ ನೋಡಿದ್ದು ಇವತ್ತೇ.”

ಬೇಗ ಬನ್ನಿ. ನಿಮಗೂ ತೋರಿಸದೆ ನನಗೆ ಸಮಾಧಾನವಿಲ್ಲ. ನಿಮ್ಮ ನೆರಳು ನಮ್ಮ ಮೇಲೆ ಬಹುಕಾಲ ಇರಲಿ.

ನಿಮ್ಮ ಮಾತಿಗಾಗಿ ಕಾಯುವ,
ಸೊಸೆ