ಗಂಟಲಕ್ಕನಿಗೆ ಮೂಗು ಬೇಕು

ಗುರುವಾರ, ಮಧ್ಯಾಹ್ನ

ಸಭೆಯ ನಡುವೆ ಎದ್ದುಹೋದ ಮಗಳಿಗೆ,

ಫೋನ್ ಮಾಡಿದರೆ ಎತ್ತುವುದಿಲ್ಲ. ಮೆಸೇಜ್ ಹಾಕಿದರೆ ಕೆನ್ನೆಯ ಪಕ್ಕ ಬೆವರಿನ ಹನಿ ಇಳಿಯುತ್ತಿರುವ ಒಂದು ಬೊಂಬೆ ಮುಖ ಕಳಿಸಿ ಸುಮ್ಮನಾಗುತ್ತೀಯ. ಹೆತ್ತವಳಿಗೆ ಅದೇನು ಉತ್ತರವೋ ನನಗೆ ತಿಳಿಯದು. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಇದಕ್ಕೆ ಬೊಂಬೆ ಮುಖ ಅಂಟಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕೂತು ಪೂರ್ತಿ ಓದು. ನಿನ್ನ ರೂಮಿನ ಗೆಳತಿಗೆ ಬೇಕಾದರೂ ಓದಿ ಹೇಳು, ನನಗೇನೂ ಸಂಕೋಚವಿಲ್ಲ.

ಮೊದಲು ಸುದ್ದಿ. ಲಾಂಡ್ರಿಯ ಗೇಟಿನ ಎದುರಿನ ಗೋಡೆಯ ಮೇಲೆ ನೀನು ಬರೆದ ನಿನ್ನ ದೊಡ್ಡಮ್ಮ ಇನ್ನೂ ನಿಂತಿದ್ದಾಳೆ. ಬರುವ ಬುಧವಾರದವರೆಗೆ ನಿಂತಿರುತ್ತಾಳೆ. ಆಮೇಲೆ ಸುಣ್ಣ. ಇದು ನಮ್ಮ ಕಾರ್ಮಿಕ ಸಂಘದ ತೀರ್ಮಾನ. ತಡೆಯಬೇಕಾದರೆ ನೀನೇ ಬಂದು ಬ್ರಷ್ ಹಿಡಿಯಬೇಕು. ಬರುತ್ತೀಯೋ ಇಲ್ಲವೋ ಎಂಬುದಕ್ಕೆ ಮುಂಚೆ ನನ್ನ ಸಿಟ್ಟು ಪೂರ್ತಿ ಕೇಳಿಸಿಕೋ.

ಹೋದ ವರ್ಷ ಬಾಯ್ಲರ್ ಸಿಡಿದು ಸತ್ತವಳ ನೆನಪಿಗೆ ಒಂದು ಚಿತ್ರ ಬೇಕು, ಮನೆಯ ಹುಡುಗಿಯೇ ಬರೆಯಲಿ ಎಂದು ಸಂಘದವರು ಕೇಳಿದಾಗ ನಾನು ಎಷ್ಟು ಹಿಗ್ಗಿದ್ದೆ ಗೊತ್ತೇ? ಶೀಟು ಮಡಿಸುವ ಮೇಜಿನ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಪರದೆ ಸರಿಸಿದರೆ ಕಂಡದ್ದೇನು? ಮುಖದ ಅರ್ಧಕ್ಕೆ ಕಣ್ಣು. ಕಣ್ಣಿನೊಳಗೆ ಕಿಟಕಿಯಷ್ಟು ಹೊಳಪು. ಮೂಗಿನ ಜಾಗದಲ್ಲಿ ಒಂದು ಗೀಟು. ಮೈಗೆ ಹೊಸ ಸೋಪಿನ ಬಿಲ್ಲೆಯ ಬಣ್ಣ. ಕೂದಲು ಗಾಳಿಗೆ ಹಾರುತ್ತಿದೆ. ನಮ್ಮ ಬಾಯ್ಲರ್ ಮನೆಯಲ್ಲಿ ಗಾಳಿ ಎಲ್ಲಿಂದ ಬಂತೋ! ಹಣೆಯ ಮೂಲೆಯಲ್ಲಿ ಕೆಂಪು ಬಣ್ಣದ ನಾಲ್ಕು ಕೊಕ್ಕೆಯ ಗುರುತು ಬೇರೆ.

ಅಧ್ಯಕ್ಷರು ಹತ್ತಿರ ಹೋಗಿ ನೋಡಿ, ‘ಆಸ್ಪತ್ರೆ ಗುರುತು ಯಾಕಮ್ಮ ಹಾಕಿದೀಯ? ಅವರ ಶೀಟು ಒಗೀತೀವಿ ಸರಿ, ಅವರ ಜಾಹೀರಾತೂ ನಾವೇ ಮಾಡ್ಬೇಕಾ’ ಅಂತ ಕೇಳಿದರು. ಅದು ಸಿಟ್ಟಿಗೆ ಉಬ್ಬಿದ ನರ, ಜಪಾನಿನ ಕಾರ್ಟೂನ್‌ಗಳಲ್ಲಿ, ಅನಿಮೆಯಲ್ಲಿ, ಸಿಟ್ಟನ್ನು ಹಾಗೇ ತೋರಿಸುತ್ತಾರೆ ಅಂತ ನೀನು ಹೇಳಿದೆ. ‘ನರ ಉದ್ದಕ್ಕಿರುತ್ತಲ್ಲ ತಾಯಿ, ಇದೇನು ಚೌಕಟ್ಟು’ ಅಂತ ನಮ್ಮ ಮೆಕ್ಯಾನಿಕ್ ಅಂದ. ಗಂಡಸರೆಲ್ಲ ನಕ್ಕರು. ಕಾರ್ಯದರ್ಶಿ ಮಾತ್ರ ನಗಲಿಲ್ಲ. ಹುತಾತ್ಮಳನ್ನು ಮಕ್ಕಳ ಕಾರ್ಟೂನ್ ಮಾಡಿ ಸಂಘದ ಮಾನ ಕಳೆದೆ ಅಂತ ಗದರಿಸಿದರು. ನೀನು, ‘ನಿಮಗೆ ಬೇಕಾಗಿರೋದು ಗಂಟಲಕ್ಕ ಅಲ್ಲ, ಅವಳ ಐಡಿ ಕಾರ್ಡ್ ಫೋಟೋ’ ಅಂತ ಅಂದು ಎದ್ದು ಹೋದೆ. ಬ್ರಷ್ ತೊಳೆಯದೆ ಹೋದೆ. ಅವು ಗಟ್ಟಿಯಾಗಿ ಪೊರಕೆ ಕಡ್ಡಿಯ ಹಾಗಾಗಿವೆ.

ನನ್ನ ಮಾತು ಇಷ್ಟೇ. ನೀನು ಅಂದದ್ದು ಸರಿ, ಎದ್ದುಹೋದದ್ದು ತಪ್ಪು. ಎಲ್ಲ ಯಂತ್ರಗಳು ಓಡುತ್ತಿದ್ದರೂ ಗೇಟಿನವರೆಗೆ ಕೇಳುವ ಕಂಠ ಅಕ್ಕನದು. ಅದಕ್ಕೇ ಅವಳನ್ನು ಗಂಟಲಕ್ಕ ಅಂತ ಕರೆದದ್ದು. ಬದುಕಿದ್ದಾಗ ಇದೇ ಕಾರ್ಯದರ್ಶಿ ಅವಳ ಬಾಯಿ ಕಂಡರೆ ದಾರಿ ಬದಲಿಸುತ್ತಿದ್ದರು. ಸತ್ತ ಮೇಲೆ ಅವಳು ಮುಗುಳುನಗಬೇಕಂತೆ. ಸತ್ತ ಕೂಲಿ ಹೆಂಗಸರೆಲ್ಲ ಯಾಕೆ ನಗಬೇಕು ಎಂಬುದನ್ನು ನನಗೆ ಯಾರಾದರೂ ಬಿಡಿಸಿ ಹೇಳಬೇಕು. ಜೀವ ತೆಗೆದವರ ಎದುರಿನ ಗೋಡೆಯ ಮೇಲೆ ನಿಂತು ನಗುವುದಕ್ಕೆ ಅವಳಿಗೇನು ತಲೆ ಕೆಟ್ಟಿದೆಯೇ? ನೀನು ಅವಳ ಸಿಟ್ಟನ್ನು ಬರೆದೆ. ಇಷ್ಟು ಜನರಲ್ಲಿ ನಿನಗೊಬ್ಬಳಿಗೆ ಅದು ಕಂಡಿತು.

ಆದರೆ ಮೂಗನ್ನು ಏನು ಮಾಡಿದೆ?

ನಮ್ಮಮ್ಮನ ಮೂಗು ಅದು. ಅಕ್ಕನಿಗೆ ಬಂತು, ನನಗೆ ಬಂತು, ನಿನಗೂ ಬಂದಿದೆ. ನೀನು ಕನ್ನಡಿಯ ಮುಂದೆ ಬೆರಳಿನಲ್ಲಿ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದೆಯಲ್ಲ, ಅದೇ. ಅಗಲದ, ದಪ್ಪದ, ಉಗಿಯಲ್ಲಿ ನಿಂತರೂ ಉಸಿರು ಕಟ್ಟದ ಮೂಗು. ಬಣ್ಣವೂ ನಮ್ಮದೇ, ಸುಟ್ಟ ಇಟ್ಟಿಗೆಯದು. ನಿನ್ನ ಅನಿಮೆಯವರು ತಮ್ಮ ಜನರನ್ನು ಹೇಗೆ ಬೇಕಾದರೂ ಬರೆದುಕೊಳ್ಳಲಿ, ಅವರ ಕೈ, ಅವರ ಇಷ್ಟ. ನೀನು ಚಿಕ್ಕವಳಿದ್ದಾಗಿನಿಂದ ನಿನ್ನ ಪಕ್ಕ ಕೂತು ನಾನೂ ನೋಡಿದ್ದೇನೆ, ಒಂದೆರಡು ಕಡೆ ಅತ್ತಿದ್ದೂ ಉಂಟು. ಅವರ ಬೊಂಬೆಗಳ ತಲೆ ಬೋಳಿಸಿದರೆ ಎಲ್ಲ ಒಂದೇ ಮುಖ, ಹೆತ್ತ ತಾಯಂದಿರಿಗೂ ಗುರುತು ಸಿಗುವುದಿಲ್ಲ ಎಂಬುದು ಬೇರೆ ಮಾತು. ನೀನು ಅವರಿಂದ ಕಣ್ಣು ಕಲಿ, ಸಿಟ್ಟು ಕಲಿ, ಓಡುವ ಗೆರೆ ಕಲಿ. ನಮ್ಮ ಮೂಗು ಕೊಯ್ದು ಕೊಟ್ಟು ಕಲಿಯಬೇಡ. ಇಡೀ ದಿನ ನೀನು ದುಡಿಯುವ ಆ ಕಾರ್ಟೂನ್ ಕಂಪನಿಯಲ್ಲಿ ಕೂತು ಯಾರದೋ ಕಣ್ಣಿಗೆ ಹೊಳಪು ಹಚ್ಚಿ ಹಚ್ಚಿ ಕೈಗೆ ಅದೇ ರೂಢಿಯಾಗಿಬಿಟ್ಟಿದೆ. ನಿನ್ನ ದೊಡ್ಡಮ್ಮನನ್ನು ಬರೆಯುವಾಗಲೂ ಕೈ ತಾನೇ ಹೋಗಿ ಬಿಳಿ ಡಬ್ಬದಲ್ಲಿ ಅದ್ದಿದೆ. ನೀನು ಬೇಕೆಂದು ಮಾಡಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲ. ಗಮನಿಸದೇ ಮಾಡಿದೆಯಲ್ಲ, ಅದನ್ನು ನಾನು ತಡೆಯಲಾರೆ.

ಇನ್ನು ಎರಡನೆಯ ರಗಳೆ. ನಿನ್ನ ಗೋಡೆಯ ಫೋಟೋವನ್ನು ಯಾರೋ ಎಲ್ಲಿಯೋ ಹಾಕಿದ್ದಾರೆ. ಅನಿಮೆ ಹುಚ್ಚಿನ ಹುಡುಗ ಹುಡುಗಿಯರು ಬಸ್ ಹಿಡಿದು ಬರತೊಡಗಿದರು. ಒಬ್ಬಳಿಗೆ ನೀಲಿ ಕೂದಲಿನ ಟೋಪನ್, ಒಬ್ಬನಿಗೆ ಬೆಕ್ಕಿನ ಕಿವಿ. ಗೋಡೆಯ ಮುಂದೆ ನಿಂತು ಎರಡು ಬೆರಳು ಎತ್ತಿ ಫೋಟೋ. ಪಾಳಿ ಮುಗಿಸಿ ಬರುವ ನಮ್ಮ ಹೆಂಗಸರು ಬಾಯಿ ಬಿಟ್ಟುಕೊಂಡು ನೋಡುವುದು. ಕಾರ್ಯದರ್ಶಿಗೆ ಇದೇ ಬೇಕಾಗಿತ್ತು, ‘ನೋಡಿ ನಿಮ್ಮ ಮಗಳ ಕಲೆ, ಸರ್ಕಸ್ ಬಂದಿದೆ’ ಅಂತ ನನಗೆ ಕೇಳುವ ಹಾಗೆ ಅಂದರು.

ಆ ನೀಲಿ ಕೂದಲಿನವಳು ಒಂದು ದಿನ ಗೋಡೆಯ ಮೇಲಿನ ಅಕ್ಕನ ವೇಷದಲ್ಲೇ ಬಂದಳು. ಏಪ್ರನ್, ರಬ್ಬರ್ ಬೂಟು, ಹಣೆಗೆ ಕೆಂಪು ಕಾಗದ ಕತ್ತರಿಸಿ ಅಂಟಿಸಿದ ನಿನ್ನ ಗುರುತು. ನನಗೆ ಮೈಯೆಲ್ಲ ಉರಿದುಹೋಯಿತು. ರಸ್ತೆ ದಾಟಿ ಹೋಗಿ, ಇದೇನೇ ನಿನ್ನ ಆಟ, ಇವಳು ಯಾರೆಂದು ಗೊತ್ತೇನೇ ಅಂತ ಕೇಳಿದೆ. ಅವಳು ಹೆದರಲಿಲ್ಲ. ‘ಅದೇ ಗೊತ್ತಾಗ್ತಿಲ್ಲ ಆಂಟಿ, ಎಲ್ಲ ಕಡೆ ಹುಡುಕಿದ್ವಿ. ಯಾವ ಸೀರೀಸು? ಎಷ್ಟು ಎಪಿಸೋಡು’ ಅಂದಳು.

ಒಂದೇ ಎಪಿಸೋಡು, ಆ ಗೇಟಿನ ಒಳಗೆ ಮುಗಿಯಿತು, ನನ್ನ ಅಕ್ಕ ಅಂತ ಹೇಳಿದೆ.

ಹುಡುಗಿ ಟೋಪನ್ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಕ್ಷಮಿಸಿ ಎನ್ನಲಿಲ್ಲ, ಅಳಲಿಲ್ಲ. ಗೋಡೆಯ ಕಡೆ ತಿರುಗಿ, ‘ಯಾಕೆ ಸಿಟ್ಟಾಗಿದಾರೆ’ ಅಂತ ಕೇಳಿದಳು.

ಮಗಳೇ, ಒಂದು ವರ್ಷದಲ್ಲಿ ಸಂಘದವರು ಕೇಳದ ಪ್ರಶ್ನೆ ಅದು. ಸಾವಿನ ವಿಚಾರಣೆಗೆ ಬಂದಿದ್ದವನಿಗೆ ನಾನಾಗಿಯೇ ಹೇಳಲು ಹೋದರೆ ಅವನು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಈ ಬೆಕ್ಕಿನ ಕಿವಿಯವರಿಗೆ ಮಾತ್ರ ಎಲ್ಲವೂ ಬೇಕು. ಏನು ಹೇಳಿದಳು, ಯಾವ ಕೈಯಲ್ಲಿ ಇಕ್ಕಳ ಹಿಡಿದಿದ್ದಳು, ಯಾರ ಜೊತೆ ಜಗಳ. ತಮಗೆ ಇಷ್ಟವಾದ ಪಾತ್ರದ ಜಾತಕವನ್ನೆಲ್ಲ ಜಾಲಾಡುವುದು ಅವರ ಚಟವಂತೆ. ಆ ಚಟಕ್ಕೆ ನಾನು ಸಿಕ್ಕಿಬಿದ್ದೆ. ಹೇಳಿದೆ. ಒತ್ತಡ ಮೀರಿದಾಗ ಉಗಿಯನ್ನು ಹೊರಗೆ ಬಿಡುವ ವಾಲ್ವನ್ನು ಸೂಪರ್‌ವೈಸರ್ ತಂತಿ ಸುತ್ತಿಸಿ ಕಟ್ಟಿಸಿದ್ದ. ಅದು ತೆರೆದುಕೊಂಡಾಗಲೆಲ್ಲ ಇಸ್ತ್ರಿ ಯಂತ್ರ ನಿಲ್ಲುತ್ತಿತ್ತು, ಶೀಟು ತಡವಾಗುತ್ತಿತ್ತು. ಬಿಚ್ಚಿಸು ಅಂತ ಅಕ್ಕ ಬೆಳಿಗ್ಗೆಯಿಂದ ಕೂಗಿದಳು. ಮಡಿಸುವ ಮೇಜಿನ ಹತ್ತಿರ ನಿಂತು ನಾನೇ ಕೇಳಿದ್ದೇನೆ. ‘ಬಿಚ್ಚಿದ್ರೆ ಶೀಟು ನಿಮ್ಮಪ್ಪ ಒಣಗಿಸ್ತಾನಾ’ ಅಂತ ಅವನು ಅಂದದ್ದೂ ಕೇಳಿದ್ದೇನೆ. ಅಕ್ಕ ಇಕ್ಕಳ ತಗೊಂಡು ತಾನೇ ತಂತಿ ಕತ್ತರಿಸಲು ಹೋದಳು, ಅಷ್ಟರಲ್ಲಿ ಬಾಯ್ಲರ್ ಸಿಡಿಯಿತು. ವಾಲ್ವಿಗೆ ಕೈ ಹಾಕಿದ್ದು ಅವಳ ತಪ್ಪು ಅಂತ ಕಂಪನಿ ಬರೆದುಕೊಂಡಿತು.

ಆಮೇಲೆ ಆ ಹುಡುಗಿಯ ವೇಷವನ್ನು ತಿದ್ದಿದೆ, ಸುಮ್ಮನಿರಲಾಗಲಿಲ್ಲ. ಏಪ್ರನ್ ಗಂಟನ್ನು ಬೆನ್ನಿಗೆ ಹಾಕಿಕೊಂಡಿದ್ದಳು. ಮುಂದೆ ಹಾಕು ಅಂದೆ, ಬಟ್ಟೆ ಇಸ್ತ್ರಿ ಯಂತ್ರದ ರೋಲರಿಗೆ ಸಿಕ್ಕಿದರೆ ಒಂದೇ ಎಳೆತಕ್ಕೆ ಬಿಚ್ಚಬೇಕು. ಮಾರನೆಯ ದಿನ ಇನ್ನಷ್ಟು ಜನರನ್ನು ಕರೆದುಕೊಂಡು ಬಂದಳು. ಎಲ್ಲರ ಗಂಟೂ ಮುಂದೆ. ಒಬ್ಬೊಬ್ಬರೂ ಒಂದೊಂದು ಚಿತ್ರ ಬರೆದು ತಂದಿದ್ದರು. ಅದೇ ದೊಡ್ಡ ಕಣ್ಣು, ಅದೇ ಕೆಂಪು ಗುರುತು, ಕೈಯಲ್ಲಿ ಇಕ್ಕಳ, ಹಿಂದೆ ತಂತಿ ಸುತ್ತಿದ ವಾಲ್ವು. ಅವರ ಪೈಕಿ ಒಬ್ಬರೂ ಮೂಗು ಬರೆದಿರಲಿಲ್ಲ. ನಿನ್ನನ್ನು ನೋಡಿ ಕಲಿತವರು ಇನ್ನೇನು ಬರೆದಾರು? ಪ್ರತಿಯೊಬ್ಬರಿಗೂ ನನ್ನ ಮೂಗು ತೋರಿಸಿ ತೋರಿಸಿ ಸಾಕಾಯಿತು.

ಆ ಚಿತ್ರಗಳು ಊರೆಲ್ಲ ಸುತ್ತಿದವು. ವಾಲ್ವಿನ ಕಥೆ ಏನೆಂದು ಕಾರ್ಖಾನೆ ಇಲಾಖೆಯ ಒಬ್ಬ ಅಧಿಕಾರಿ ಗೇಟಿಗೆ ಬಂದ. ಕಂಪನಿಯವರು ಕಾರ್ಯದರ್ಶಿಯನ್ನು ಒಳಗೆ ಕರೆಸಿ ಚಹಾ ಕೊಟ್ಟರು. ಚಹಾ ಮುಗಿಸಿ ಹೊರಗೆ ಬಂದ ಮನುಷ್ಯ ನೇರವಾಗಿ ಸಭೆ ಕರೆದ. ಕಂಪನಿಯ ಜೊತೆ ಸಂಘದ ಮಾತುಕತೆ ನಡೆಯುತ್ತಿರುವಾಗ ಹಳೆಯದನ್ನು ಕೆದಕುವುದು ಬೇಡ, ಗೋಡೆಗೆ ಸುಣ್ಣ ಹೊಡೆದು ಬೋರ್ಡ್ ಬರೆಯುವವನಿಂದ ಐಡಿ ಕಾರ್ಡಿನ ಮುಖವನ್ನೇ ಬರೆಸೋಣ ಅಂದ. ಇಷ್ಟು ವರ್ಷ ಅವರಿಗೆ ಹಾಕಿದ್ದ ಬಹುವಚನ ಅಲ್ಲಿಗೆ ಮುಗಿಯಿತು, ನೀನೂ ನೋಡುತ್ತಿದ್ದೀಯ.

ನಾನು ಎದ್ದು ಕೂಗಿದೆ. ಅಕ್ಕನ ಗಂಟಲು ನನಗಿಲ್ಲ, ಆದರೂ ಕೂಗಿದೆ. ಕಣ್ಣು ಅಷ್ಟು ದೊಡ್ಡದಿರಲಿಲ್ಲ, ನಿಜ, ಸಿಟ್ಟು ಬಂದಾಗ ಅಷ್ಟೇ ಆಗುತ್ತಿತ್ತು ಅಂದೆ. ಚಿತ್ರದಲ್ಲಿ ಸುಳ್ಳಿರುವುದು ಬಣ್ಣದಲ್ಲಿ ಮತ್ತು ಮೂಗಿನಲ್ಲಿ, ಅದನ್ನು ನನ್ನ ಮಗಳೇ ಬಂದು ತಿದ್ದುತ್ತಾಳೆ ಅಂದೆ. ‘ಬರ್ತಾಳಾ? ಅವಳು ನಮ್ಮ ಮುಖದ ಮೇಲೆ ಬಾಗಿಲು ಹಾಕ್ಕೊಂಡು ಹೋದೋಳು’ ಅಂತ ಅವನು ಕೇಳಿದ. ಇಸ್ತ್ರಿ ವಿಭಾಗದ ಹೆಂಗಸರು ಕೈ ಎತ್ತಿದ್ದರಿಂದ ಬುಧವಾರದವರೆಗೆ ಗಡುವು ಸಿಕ್ಕಿದೆ. ಅಷ್ಟರೊಳಗೆ ಗೋಡೆಯ ಮೇಲಿನವಳು ನಮ್ಮವಳ ಹಾಗೆ ಕಾಣಬೇಕು. ಇಲ್ಲದಿದ್ದರೆ ಅವರೂ ಕೈ ಇಳಿಸುತ್ತಾರೆ. ಅವರನ್ನು ನಾನು ದೂರುವುದಿಲ್ಲ. ನಮ್ಮ ಜೊತೆ ದುಡಿದವಳು ಯಾಕೆ ಇಷ್ಟು ಬೆಳ್ಳಗಾದಳು ಅಂತ ಅವರೂ ಒಳಗೊಳಗೇ ನೊಂದಿದ್ದಾರೆ. ಮೆಕ್ಯಾನಿಕ್ ನಕ್ಕಿದ್ದನ್ನು ಮಾತ್ರ ನೀನು ಕೇಳಿಸಿಕೊಂಡೆ, ಇವರು ಸುಮ್ಮನಿದ್ದದ್ದು ನಿನಗೆ ಕೇಳಲಿಲ್ಲ.

ಬಾ. ಬಿಳಿ ಬಣ್ಣದ ಡಬ್ಬ ತರಬೇಡ, ಇದ್ದಷ್ಟು ಕಂದು ಬಣ್ಣ ತಗೊಂಡು ಬಾ. ಕಣ್ಣು ಮುಟ್ಟಬೇಡ. ಹಣೆಯ ಗುರುತು ಮುಟ್ಟಬೇಡ, ಅಧ್ಯಕ್ಷರಿಗೆ ಅದು ಆಸ್ಪತ್ರೆಯಾಗಿ ಕಂಡರೆ ಕಾಣಲಿ. ಕೂದಲು ಹಾರುವುದಾದರೆ ಹಾರಲಿ, ಒಮ್ಮೆಯಾದರೂ ಅವಳಿಗೆ ಗಾಳಿ ಸಿಗಲಿ. ಮೂಗು ಬರೆ. ಬರೆಯಲು ಕೈ ಬಾರದಿದ್ದರೆ ನಿನ್ನದನ್ನೇ ಕನ್ನಡಿಯಲ್ಲಿ ನೋಡಿಕೊಂಡು ಬರೆ. ಒತ್ತಬೇಡ, ಇದ್ದ ಹಾಗೆ ನೋಡು.

ಬಂದು ನನ್ನ ಜೊತೆ ಜಗಳವಾಡು, ತಕರಾರಿಲ್ಲ. ಕಾರ್ಯದರ್ಶಿಯ ಜೊತೆಗೂ ಆಡು. ಮತ್ತೆ ಎದ್ದು ಮಾತ್ರ ಹೋಗಬೇಡ.

ನಿನ್ನ ಸಿಟ್ಟಿಗೂ ಮೂಗಿಗೂ ಹೊಣೆಯಾದ,
ಅಮ್ಮ

ಮರೆತಿದ್ದೆ: ಅಷ್ಟು ಎತ್ತರಕ್ಕೆ ಹತ್ತಿದರೆ ಏಣಿ ಹಿಡಿಯಲು ಜನ ಬೇಕು, ಎಲ್ಲರೂ ಪಾಳಿಯಲ್ಲಿರುತ್ತಾರೆ ಅಂತ ನೆಪ ಹೇಳಬೇಡ. ನಾನು ಹಿಡಿಯುತ್ತೇನೆ, ಬೆಳಗಿನಿಂದ ಸಂಜೆಯವರೆಗೆ. ಕಂಪನಿಯ ಯಂತ್ರದ ವಿಷಯ ಹೊರಗಿನವರಿಗೆ ಹೇಳಿದೆ ಅಂತ ಸೋಮವಾರವೇ ನನ್ನನ್ನು ಕೆಲಸದಿಂದ ತೆಗೆದರು. ಇದಕ್ಕೆ ನೀನು ಫೋನ್ ಮಾಡಬೇಕಾಗಿಲ್ಲ, ಬ್ರಷ್ ತಗೊಂಡು ಬಂದರೆ ಸಾಕು.