ಮುಖವಾಡ ತೆಗೆಯದ ಬೋರ್ಬಾಲಾಗೆ

ಬೀದರ್, ಫೆಬ್ರುವರಿ ೩೦, ೨೨೧೮

ಮಾನ್ಯ ಕೆರ್ಟೇಸ್ ಬೋರ್ಬಾಲಾ ಅವರಿಗೆ,

ತಾರೀಖು ತಪ್ಪಿಲ್ಲ; ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಹಂಗೆರಿಯ ರೂಢಿಯಂತೆ ಮನೆತನದ ಹೆಸರನ್ನು ಮೊದಲು ಬರೆದಿದ್ದೇನೆ. ಹಾಗೆ ಬರೆಯಬೇಕೆಂದು ಅಜ್ಜಿ ಹೇಳಿಕೊಟ್ಟಿದ್ದರು.

ನಾನು ಚಂಪಾವತಿ, ಕತ್ತಿವರಸೆ ಕಲಿಸುವವಳು. ಬಿಸಿಲೇರಿದ ಮೇಲೆ ಊರೆಲ್ಲ ನೆಲದಡಿಯ ನೆರಳ್ಮನೆಗೆ ಇಳಿಯುತ್ತದೆ. ಹಳೆಯ ಸುರಂಗಬಾವಿಯ ತಂಪು ಅಲ್ಲಿಗೆ ಬರುತ್ತದೆ. ಒಂದು ಕಡೆ ರೊಟ್ಟಿ ಬಡಿಯುವ ಸದ್ದು, ಇನ್ನೊಂದು ಕಡೆ ನಮ್ಮ ಕತ್ತಿಗಳದ್ದು. ಅಲ್ಲಿ ಎಲ್ಲರಿಗೂ ನಿಮ್ಮ ಹೆಸರು ಗೊತ್ತು. ಮುಖ ಯಾರಿಗೂ ಗೊತ್ತಿಲ್ಲ. ನಿಮ್ಮ ಕಾಲದ ಅಂತರ್ಜಾಲ ಅಳಿಸಿಹೋದ ವರ್ಷಗಳನ್ನು ನಾವು ಅಳಿಗಾಲ ಎನ್ನುತ್ತೇವೆ. ನಿಮ್ಮ ಚಿತ್ರಗಳೂ ಆಗಲೇ ಹೋದವು. ನಿಮ್ಮ ಕಥೆಯನ್ನು ನಿಮಗೇ ಹೇಳುತ್ತಿದ್ದೇನೆ, ನಮಗೆ ಬಾಯಿಂದ ಬಾಯಿಗೆ ತಲುಪಿದಷ್ಟು.

ಯಾವುದೋ ಕತ್ತಿವರಸೆ ಪಂದ್ಯದಲ್ಲಿ ನೀವು ಸೋತು, ಜಾಲರಿಯ ಮುಖವಾಡ ತೆಗೆದು, ಬೆವೆತ ಕೂದಲು ಕೊಡವಿ ನಕ್ಕಿರಿ. ಯಾರೋ ಆ ವಿಡಿಯೊ ತುಣುಕನ್ನು ಅಂತರ್ಜಾಲದಲ್ಲಿ ಹರಿಬಿಟ್ಟರು. ಕೋಟ್ಯಂತರ ಜನ ನೋಡಿದರು. ಮುಂದೆ ಹಂಗೆರಿಗೆ ಪದಕ ಗೆದ್ದುಕೊಟ್ಟಾಗಲೂ ಅವರು ಕೇಳಿದ್ದು, ಕೂದಲಿಗೆ ಏನು ಹಚ್ಚುತ್ತೀರಿ ಎಂದು. ಒಂದು ದಿನ ನೀವು ನೇರಪ್ರಸಾರಕ್ಕೆ ಮುಖವಾಡ ಹಾಕಿಕೊಂಡೇ ಬಂದಿರಿ.

“ಇನ್ನು ಇದನ್ನು ತೆಗೆಯೋದಿಲ್ಲ. ನನ್ನ ಕೈ ನೋಡಿ,” ಎಂದಿರಿ.

ನಿಮ್ಮ ಗುರು ಮಾತ್ಯಾಶ್ ಬೇಡವೆಂದರಂತೆ. “ಜನ ಬಿಟ್ಟು ಹೋಗ್ತಾರೆ.”

“ಹೋಗಲಿ. ಒಬ್ಬರಾದರೂ ನನ್ನ ಕತ್ತಿ ನೋಡಿದರೆ ಸಾಕು.”

ಜನ ಹೋದರು. ಉಳಿದ ಕೆಲವರಿಗೆ ನೀವು ದಿನವೂ ಪಾಠ ಹೇಳಿದಿರಿ. ಅವರಲ್ಲೊಬ್ಬಳು ಬೀದರಿನ ರುದ್ರಾಣಿ, ನನ್ನ ಅಜ್ಜಿಯ ಅಜ್ಜಿಯ ಅಜ್ಜಿ. ಮಾಳಿಗೆಯ ನೀರಿನ ಟ್ಯಾಂಕಿಗೆ ಫೋನು ಒರಗಿಸಿ, ಬಿದಿರುಕೋಲು ಹಿಡಿದು ಕಲಿತವಳು. ಅವಳು ವಿಡಿಯೊ ಕಳಿಸಿದರೆ ನೀವು ಉತ್ತರಿಸುತ್ತಿದ್ದಿರಿ: “ಮೊಣಕೈ ಒಳಗೆ. ಅವಸರ ಬೇಡ.” ಹಾಗೇ ವರ್ಷಗಳು ಕಳೆದವು. ಕೊನೆಗೊಮ್ಮೆ ಬರೆದಿರಿ: “ನನ್ನ ಮಣಿಕಟ್ಟು ಕೆಟ್ಟಿದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಬಾ, ಇಬ್ಬರೂ ಆಡೋಣ.”

ರುದ್ರಾಣಿ ಹೊರಟಳು. ಬುಡಾಪೆಸ್ಟಿನಿಂದ ನಿಮ್ಮ ಸೆಗೆಡ್ ಊರಿಗೆ ಬರುವ ರೈಲು ಹಿಮದಲ್ಲಿ ನಿಂತುಬಿಟ್ಟಿತು. ಅವಳ ಫೋನು ಆರಿಹೋಗಿತ್ತು. ನೀವು ನಿಲ್ದಾಣದಲ್ಲಿ ಸಂಜೆಯವರೆಗೂ ಕಾದು, ಹುಡುಗಿ ಹೆದರಿ ಬರಲಿಲ್ಲವೆಂದುಕೊಂಡು ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರಿದಿರಿ. ಮರುದಿನ ಅವಳು ಹುಡುಕಿಕೊಂಡು ಬಂದಾಗ ನಿಮ್ಮ ಕೈಗೆ ದಪ್ಪನೆಯ ಪಟ್ಟಿ ಕಟ್ಟಿತ್ತು. ಆ ಕೈ ಮತ್ತೆ ಕತ್ತಿ ಹಿಡಿಯಲಿಲ್ಲ.

ರುದ್ರಾಣಿ ದೇಶಕ್ಕಾಗಿ ಆಡಿದಳು, ಊರಿನ ಮಕ್ಕಳಿಗೆಲ್ಲ ಕಲಿಸಿದಳು. ಮುದುಕಿಯಾದ ಮೇಲೂ ಹೇಳುತ್ತಿದ್ದಳಂತೆ, “ಮುಖ ನೋಡಿ ಬಂದೆ. ಅವರ ಏಟು ಹ್ಯಾಂಗಿರ್ತದ ಅಂತ ತಿಳೀಲೇ ಇಲ್ಲ.” ಏಟು ತಡೆಯಲು ಇಂದು ನಾನು ಕಲಿಸುವ ಒಂದೊಂದು ವರಸೆಯೂ ನಿಮ್ಮದೇ. ಆದರೆ ನಿಮ್ಮ ಕತ್ತಿಯ ಭಾರವನ್ನು ತಮ್ಮ ಕತ್ತಿಯ ಮೇಲೆ ಹೊತ್ತವರು ನಮ್ಮಲ್ಲಿ ಒಬ್ಬರೂ ಇಲ್ಲ. ಪಾಠ ಮುಗಿದು ಮಕ್ಕಳು ಹೋದ ಮೇಲೆ, ಆ ಭಾರ ಎಷ್ಟಿದ್ದೀತು ಎಂದು ಸುಮ್ಮನೆ ಕೈ ಚಾಚಿ ನಿಲ್ಲುತ್ತೇನೆ.

ನಡೆದದ್ದು ಬದಲಾಗದೆಂದು ಬಲ್ಲೆ. ಆದರೂ ಈ ಪತ್ರ ಆ ದಿನಕ್ಕೆ ಮುಂಚೆ ನಿಮ್ಮ ಕೈಸೇರಿದರೆ, ದಯವಿಟ್ಟು ನಿಲ್ದಾಣದ ಬೆಂಚಿನಿಂದ ಏಳಬೇಡಿ. ರೈಲು ಬರುತ್ತದೆ. ಕೊನೆಯ ಡಬ್ಬಿಯಿಂದ ಚಳಿಗೆ ನಡುಗುತ್ತ ಒಬ್ಬಳು ಇಳಿಯುತ್ತಾಳೆ. ಅವಳ ಹೆಗಲ ಮೇಲಿನ ಉದ್ದನೆಯ ಚೀಲದಲ್ಲಿ ಎರಡು ಕತ್ತಿಗಳಿರುತ್ತವೆ.

ನಿಮ್ಮ
ಚಂಪಾವತಿ